ಸರ್ಕಲ್ಲಿನ ಕಡೆಗಿದ್ದ ಬಾಗಿಲು

ಆಗೆಲ್ಲ ಗಂಗಾನಗರದ ಮನೆಗಳ ಬಾಗಿಲು ಹಗಲಿಡೀ ತೆರೆದೇ ಇರುತ್ತಿತ್ತು. ನಾವು ಬಾಡಿಗೆಗಿದ್ದ ಕಟ್ಟಡದ್ದಂತೂ ಸರ್ಕಲ್ಲಿಗೇ ಎದುರಾದ ಬಾಗಿಲು. ಓನರ್ ತಾತ ಅದನ್ನು ಕಟ್ಟಿಸಿದಾಗ ಸುತ್ತ ದ್ರಾಕ್ಷಿ ತೋಟವಿತ್ತಂತೆ. ಸರ್ಕಲ್ಲೂ ಇರಲಿಲ್ಲ, ರಸ್ತೆಯೂ ಇರಲಿಲ್ಲ. ಆಮೇಲೆ ಬಂದ ರಸ್ತೆಯೊಂದು ನೆಟ್ಟಗೆ ನಮ್ಮ ಬಾಗಿಲಿಗೇ ಬಂದು ನಿಂತಿತು. "ಮನೆ ಮೊದ್ಲು ಬಂದಿದ್ದು, ರೋಡು ಆಮ್ಯಾಕೆ. ತಪ್ಪು ರೋಡಿಂದು," ಎನ್ನುತ್ತಿದ್ದರು ತಾತ.

ದಪ್ಪ ಕಲ್ಲುಗೋಡೆ, ಅಗಲವಾದ ಸಜ್ಜಾ, ಅದರ ನೆರಳಲ್ಲಿ ರೆಡ್ ಆಕ್ಸೈಡ್ ಮೆಟ್ಟಿಲು. ಬೇಸಿಗೆ ರಜೆಯಲ್ಲಿ ಆ ತಣ್ಣನೆಯ ಮೆಟ್ಟಿಲ ಮೇಲೆ ಕೂತು ನಾನೂ ನಗ್ಮಾಳೂ ಉಪ್ಪುಖಾರ ಹಚ್ಚಿದ ತೋತಾಪುರಿ ತಿನ್ನುತ್ತಿದ್ದೆವು. ನಗ್ಮಾ ಕೆಳಮನೆಯವಳು. ಅವಳಮ್ಮ ಶಮೀಮ್ ಆಂಟಿ ಬಾಗಿಲ ಬಲಗಡೆಯ ಕಿಟಕಿಗೆ ಮಿಷನ್ ಹಾಕಿಕೊಂಡು ಬ್ಲೌಸ್ ಹೊಲಿಯುತ್ತಿದ್ದರು. ಮಿಷನ್ ಎಣ್ಣೆಯ ವಾಸನೆ ಮೆಟ್ಟಿಲವರೆಗೂ ಬರುತ್ತಿತ್ತು. ಬಸ್ಸಿಳಿದ ಹೆಂಗಸರು ಅದರ ಸದ್ದು ಕೇಳಿಯೇ ಒಳಗೆ ಬರುತ್ತಿದ್ದರು.

ಆ ಬೇಸಿಗೆಯಲ್ಲಿ ತಾತ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡರು. ನೋಡಲು ಬಂದ ನೆಂಟರದೆಲ್ಲ ಒಂದೇ ರಾಗ: ಬೀದಿ ಕುತ್ತು. ರಸ್ತೆ ನೇರವಾಗಿ ಬಾಗಿಲಿಗೆ ಬಂದರೆ ಯಜಮಾನನಿಗೆ ಕೇಡಂತೆ. ಆ ಬಾಗಿಲು ಮುಚ್ಚಿಸಿ, ಪಕ್ಕದ ಓಣಿಗೆ ಬೇರೊಂದು ತೆಗೆಸಬೇಕಂತೆ.

ಶಮೀಮ್ ಆಂಟಿಯ ಮುಖ ಸಣ್ಣಗಾಯಿತು. "ಓಣಿಗೆ ಯಾರ್ ಬರ್ತಾರೆ ತಾತಾ? ನಮ್ಗೆ ಅನ್ನ ಹಾಕೋದೇ ಆ ರೋಡು," ಎಂದರು.

"ಬಾಗ್ಲು ಮುಚ್ಚಿದ್ರೆ ನಾವು ಮನೆ ಖಾಲಿ ಮಾಡ್ತೀವಂತೆ ಕಣೇ," ಎಂದು ನಗ್ಮಾ ನನ್ನ ಕಿವಿಯಲ್ಲಿ ಹೇಳಿದಳು. ಅವತ್ತು ನನಗೆ ಮಾವಿನಕಾಯಿ ರುಚಿಸಲಿಲ್ಲ.

ತಾತ ಯೋಚಿಸಿ ಯೋಚಿಸಿ ಕಡೆಗೆ ಗಾರೆಯವನನ್ನು ಕರೆಸಿದರು. ಬಾಗಿಲಿಗೂ ಬಲಗಡೆಯ ಕಿಟಕಿಗೂ ನಡುವೆ ಹೊರಗೋಡೆಯಲ್ಲಿ ಗೂಡು ಕೊರೆಸಿ, ಪುಟ್ಟ ಗಣಪನನ್ನು ಕೂರಿಸಿದರು. ಕುತ್ತು ತಡೆಯಲು ಗಣಪನನ್ನು ಕಾವಲಿಗಿಡುವುದು ಈ ಕಡೆಯ ರೂಢಿ. "ಇಂಗ್ ಮಾಡಿದ್ರೆ ಬಾಗ್ಲೂ ಉಳೀತದೆ, ನಾನೂ ಉಳೀತೀನಿ," ಎಂದು ನಕ್ಕರು. ನಾವಿಬ್ಬರೂ ಕುಣಿದದ್ದೇ ಕುಣಿದದ್ದು.

ಮಾರನೆಯ ದಿನ ಕಿಟಕಿಯಲ್ಲಿ ಮಿಷನ್ ಸದ್ದಿಲ್ಲ. ಧಾರವಾಡದ ಕಡೆಯವಳಾದ ನಮ್ಮವ್ವ ಇಳಿದು ಹೋಗಿ ನೋಡಿದರೆ, ಶಮೀಮ್ ಆಂಟಿ ಒಳಕೋಣೆಯಲ್ಲಿ ಬಲ್ಬು ಹಾಕಿಕೊಂಡು ಕಣ್ಣು ಕಿರಿದು ಮಾಡಿ ಹೊಲಿಯುತ್ತಿದ್ದರು.

"ಅಲ್ರೀ, ಅಷ್ಟ್ ಬೆಳಕ ಬಿಟ್ಟು ಇಲ್ಲ್ಯಾಕ ಕುಂತೀರಿ?"

"ಗೋಡೆ ಆ ಕಡೆ ನಿಮ್ ದೇವ್ರು ಕೂತವ್ರೆ ಅಲ್ವಾ ಅಕ್ಕಾ. ಮಿಷನ್ ತುಳಿಯೋವಾಗ ಕಾಲು ಅವ್ರ ಕಡೆಗೇ ಹೋಗ್ತದೆ. ಚೆನ್ನಾಗಿರಲ್ಲ."

ಮಿಷನ್ ತೆಗೆಯಿರೆಂದು ಯಾರೂ ಹೇಳಿರಲಿಲ್ಲ, ಹೀಗಾದೀತೆಂದು ಯಾರಿಗೂ ಹೊಳೆದಿರಲೂ ಇಲ್ಲ. ಅವ್ವ ತಾತನಿಗೆ ತಿಳಿಸಿದಳು. ತಾತ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದು, ಗೋಡೆಯನ್ನು ನೋಡುತ್ತ ನಿಂತರು. ಮತ್ತೆ ಗಾರೆಯವನಿಗೆ ಕರೆ ಹೋಯಿತು.

"ಇದ್ನ ಮುಚ್ಚಿ ಎಡಗಡೆ ಕೊರಿಯಪ್ಪ. ಅಲ್ಲಿ ಒಳ್ಗಡೆ ಬರೀ ಬೀರು ಐತೆ."

"ನಿನ್ನೆ ತಾನೇ ಮಾಡಿದ್ದಲ್ವಾ ಯಜಮಾನ್ರೇ?"

"ದೇವ್ರಿಗೆ ಎಲ್ಲಿ ಕೂತ್ರೂ ನಡೀತದೆ. ಆಯಮ್ಮಂಗೆ ಬೆಳಕು ಬೇಕು."

ಗಣಪ ಎಡಕ್ಕೆ ಹೋದ, ಮಿಷನ್ ಕಿಟಕಿಗೆ ಬಂತು. ಅವತ್ತು ಅವ್ವ ಮಾಡಿದ ಕಡಲೆಬೇಳೆ ಉಸಲಿಯನ್ನು ಎಲ್ಲರೂ ಮೆಟ್ಟಿಲ ಮೇಲೆ ಕೂತು ತಿಂದೆವು. ಮುಚ್ಚಿದ ಗೂಡಿನ ತೇಪೆಗೆ ಎಷ್ಟು ಸುಣ್ಣ ಹೊಡೆದರೂ ಗೋಡೆಯ ಬಣ್ಣ ಕೂಡಲಿಲ್ಲ. ಐಸ್‌ಪೈಸ್ ಆಡುವಾಗ ಅದಕ್ಕೆ ಹಣೆಯಿಟ್ಟೇ ನಾವು ಎಣಿಸುತ್ತಿದ್ದೆವು.

ತಾತ ಹೋಗಿ ಬಹಳ ಕಾಲವಾಯಿತು. ಈಗ ಅಲ್ಲಿ ಅಪಾರ್ಟ್‌ಮೆಂಟು. ಸರ್ಕಲ್ ಕಡೆಗೆ ಬರೀ ಎತ್ತರದ ಗೋಡೆ. ಕಾರುಗಳಿಗೆ ಪಕ್ಕದ ಓಣಿಯಲ್ಲಿ ಗೇಟು. ಮೊನ್ನೆ ನಗ್ಮಾಳ ಜೊತೆ ಹೋಗಿ ಎದುರು ನಿಂತಿದ್ದೆ. ಬಾಗಿಲು ಎಲ್ಲಿತ್ತೆಂದು ನಾನೊಂದು ಕಡೆ ತೋರಿಸಿದೆ, ಅವಳೊಂದು ಕಡೆ. ರಸ್ತೆ ಮಾತ್ರ ಇನ್ನೂ ನೆಟ್ಟಗೆ ಅಲ್ಲಿಗೇ ಬರುತ್ತಿತ್ತು.

"ತಾತ ಇದ್ದಿದ್ರೆ ತಪ್ಪು ರೋಡಿಂದು ಅಂತಿದ್ರು," ಎಂದಳು ನಗ್ಮಾ.

"ಈ ಸಲ ರೋಡಿನ ತಪ್ಪಿಲ್ಲ ಕಣೇ. ಗೋಡೆ ಆಮೇಲೆ ಬಂದಿದ್ದು," ಎಂದೆ.