ಡಬ್ಬಿಯಲ್ಲಿಲ್ಲದ ಫೋಟೊ

ಅತ್ತೆಯ ಮನೆಯ ಬಿಸ್ಕತ್ತು ಡಬ್ಬಿಯ ಮುಚ್ಚಳ ತೆಗೆದರೆ ಈಗಲೂ ಏಲಕ್ಕಿಯ ವಾಸನೆ. ಏಲಕ್ಕಿ ಮುಗಿದು ಎಷ್ಟೋ ಕಾಲವಾಯಿತು. ಈಗ ಅದರಲ್ಲಿರುವುದು ನಮ್ಮ ಪಾಸ್‌ಪೋರ್ಟ್ ಅಳತೆಯ ಫೋಟೊಗಳು, ಆಧಾರ್ ಜೆರಾಕ್ಸ್‌ಗಳು. ಇವತ್ತು ಗುಂಡುಪಿನ್ನು ಹುಡುಕುತ್ತ ಅದನ್ನು ತೆರೆದೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಡಬ್ಬಿ ಇದ್ದರೆ ಅದರ ಮೇಲೆ ಒಂದು ಕಣ್ಣಿರಲಿ. ನಾನು ಕಣ್ಣಿಟ್ಟದ್ದು ತಡವಾಗಿ.

ಅಮ್ಮ ತೀರಿಕೊಂಡ ಮೇಲೆ ಶನಿವಾರಸಂತೆಯ ಹತ್ತಿರದ ಈ ಮನೆಯಲ್ಲಿ ನನ್ನನ್ನು ಬೆಳೆಸಿದವರು ಅಪ್ಪನ ಅಕ್ಕ, ಈ ಅತ್ತೆ. ಓದು ಮುಗಿಸಿ ಕುಶಾಲನಗರದ ಕಾಲೇಜೊಂದರಲ್ಲಿ ಪಾಠ ಹೇಳತೊಡಗಿದಾಗ ಒಂದು ಸಣ್ಣ ಸೈಟು ಕೊಳ್ಳುವ ಆಸೆ ಹುಟ್ಟಿತು. ಯಾರಿಗೂ ಹೇಳಲಿಲ್ಲ, ಹೇಳುವ ಸ್ವಭಾವ ನನ್ನದಲ್ಲ. ಸಾಲ ಕೇಳಲು ಹೋದಾಗ ಬ್ಯಾಂಕಿನವರು, “ಮೊದಲು ನಿಮ್ಮ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡ್ಕೊಳ್ಳಿ ಮೇಡಂ, ವರ್ಷಕ್ಕೊಂದು ಸಲ ಫ್ರೀ” ಎಂದರು. ಒಂದು ರೂಪಾಯಿಯ ಸಾಲವನ್ನೂ ಮಾಡದವಳು ನಾನು. ಉತ್ತರ ಮೊದಲೇ ಗೊತ್ತಿರುವವಳ ಗತ್ತಿನಲ್ಲಿ ಫೋನು ತೆರೆದೆ.

ಹೆಸರು ಸರಿ, ಹುಟ್ಟಿದ ದಿನ ಸರಿ. ಕೆಳಗೆ ಚಿನ್ನದ ಮೇಲಿನ ಸಾಲಗಳು: ಹಳೆಯವು ತೀರಿವೆ, ಒಂದು ಇನ್ನೂ ಬಾಕಿ. ಕಟ್ಟಲು ತಡವಾದ ತಿಂಗಳುಗಳು ಬೇರೆ. ಯಾರೋ ವಂಚಕ ಎಂದುಕೊಂಡೆ. ಅಪರಿಚಿತರನ್ನು ಅನುಮಾನಿಸುವುದು ಎಷ್ಟು ಸುಖ! ಆಮೇಲೆ ವಿಳಾಸ ಓದಿದೆ. ಅತ್ತೆಯ ಮನೆ.

ಪ್ರತಿ ರಜೆಯಲ್ಲೂ ಅತ್ತೆ, “ಬ್ಯಾಂಕಲ್ಲಿ ಹೊಸ ಫೋಟೊ ಬೇಕಂತೆ, ಬಾ, ಒಂದ್ ಸೈನ್ ಹಾಕಿ ಬರಾಣ” ಎಂದು ಕರೆದೊಯ್ಯುತ್ತಿದ್ದರು. ವಿದ್ಯಾರ್ಥಿಗಳ ಅಲ್ಪವಿರಾಮ ತಿದ್ದುವ ನಾನು, ಉಳಿತಾಯ ಖಾತೆಯ ಕೆಲಸವೆಂದುಕೊಂಡು ಬೆರಳು ತೋರಿಸಿದಲ್ಲೆಲ್ಲ ಸಹಿ ಹಾಕಿದ್ದೆ. ಆ ವಾರವೆಲ್ಲ ಅವರ ಪ್ರೀತಿಯನ್ನೂ ಬಿಡಿಸಿ ಬಿಡಿಸಿ ನೋಡಿದೆ. ಬಸ್ಸು ಹತ್ತುವಾಗ ಕೈಗಿಡುತ್ತಿದ್ದ ಕಡುಬು, ಅದೂ ಬಡ್ಡಿಯೇ?

ಶನಿವಾರ ಹೋದಾಗ ಅತ್ತೆ ಕಣದಲ್ಲಿ ಕರಿಮೆಣಸು ಒಣಗಿಸುತ್ತಿದ್ದರು.

“ಅತ್ತೆ, ನನ್ನ ಹೆಸರಲ್ಲಿ ಸಾಲ ಇದೆಯಾ?”

“ಇದೆ. ನಿಮ್ಮಮ್ಮನ ಬಳೆ ಇಟ್ಟಿದೀನಿ. ನಿನ್ ಬಳೆ ನಿನ್ ಹೆಸರಲ್ಲಿ ಇಡದೆ ಪಕ್ಕದ್ಮನೆಯೋರ ಹೆಸರಲ್ಲಿ ಇಡಕ್ಕಾಯ್ತದಾ?”

“ಇಟ್ಟದ್ದಾದರೂ ಯಾಕೆ?”

“ಮನೇಲಿದ್ದಿದ್ರೆ ನಿಮ್ಮಾವ ಇಷ್ಟೊತ್ತಿಗೆ ಜೀಪಿನ ಟಯರ್ ಮಾಡಿರೋರು. ಬ್ಯಾಂಕಲ್ಲಾದ್ರೆ ನಿನ್ ಸೈನ್ ಇಲ್ದೆ ಬಳೆ ಬಿಡಲ್ಲ.”

ಜಗಲಿಯಲ್ಲಿದ್ದ ಮಾವ, “ಟಯರ್ ಸವೆದೇ ಹೋಯ್ತು” ಎಂದು ಗೊಣಗಿದರು.

“ಮತ್ತೆ ಆ ದುಡ್ಡು?”

“ಕಾಫಿ ಕೊಯ್ದೋರಿಗೆ ಕೂಲಿ ಕೊಡದ್ ಬ್ಯಾಡ್ವಾ? ಮೆಣಸು ಮಾರಿ ಕಟ್ತಿದ್ದೆ. ಈ ಸಲ ರೇಟ್ ಏರ್ಲಿ ಅಂತ ಕಾದೆ, ತಡಾಯ್ತು.”

ಬಳೆ ಕಾಯಲೆಂದು ಸಾಲವೋ, ಸಾಲ ಬೇಕೆಂದು ಬಳೆಯೋ? ಯಾವುದು ಮೊದಲೆಂದು ನನಗೆ ಇಂದಿಗೂ ಗೊತ್ತಿಲ್ಲ. ಅತ್ತೆ ಸಿಕ್ಕಿದ ರೇಟಿಗೆ ಮೆಣಸು ಮಾರಿ ಬಳೆ ಬಿಡಿಸಿಕೊಟ್ಟರು. ತಡವಾಗಿ ಕಟ್ಟಿದ್ದರಿಂದ ಕುಸಿದಿದ್ದ ನನ್ನ ಕ್ರೆಡಿಟ್ ಸ್ಕೋರು ಸುಧಾರಿಸುವಷ್ಟರಲ್ಲಿ ಸೈಟು ಬೇರೆಯವರ ಪಾಲಾಗಿತ್ತು.

ಆಮೇಲೊಂದು ದಿನ ಅತ್ತೆ ನನ್ನ ರಿಪೋರ್ಟು ಓದಿಸಿಕೊಂಡರು. “ಇದ್ರಲ್ಲಿ ನನ್ ಹೆಸರೆಲ್ಲಿ?”

“ಇಲ್ಲ.”

“ಕಟ್ಟಿದ್ದು ನಾನು, ಮಾರ್ಕು ನಿಂಗಾ?”

ಅವರದನ್ನೂ ಹುಡುಕಿದೆವು. ಅವರ ಹೆಸರಲ್ಲಿ ದಾಖಲೆಯೇ ಇರಲಿಲ್ಲ. ತೋಟ ಮಾವನ ಹೆಸರಲ್ಲಿ, ಸಾಲ ನನ್ನ ಹೆಸರಲ್ಲಿ. ಇಷ್ಟು ವರ್ಷ ಕೂಲಿ ಕೊಟ್ಟು ಬಡ್ಡಿ ಕಟ್ಟಿದವರು ಎಲ್ಲೂ ಇಲ್ಲ.

ಇವತ್ತು ಡಬ್ಬಿಯ ಫೋಟೊಗಳನ್ನು ಚಾಪೆಯ ಮೇಲೆ ಸುರಿದೆ. ನನ್ನವು, ಮಾವನವು, ಅಪ್ಪನವು. ಅತ್ತೆಯದು ಒಂದೂ ಇಲ್ಲ. ಮತ್ತೆ ಕೂಲಿ ಕೊಡುವ ಕಾಲ ಬಂದಿದೆ.

“ಅತ್ತೆ, ಸೀರೆ ಬದಲಾಯಿಸಿ. ಸ್ಟುಡಿಯೊಗೆ ಹೋಗಿ, ಬ್ಯಾಂಕಿಗೆ ಹೋಗೋಣ. ಅಮ್ಮನ ಬಳೆ ತಂದಿದ್ದೇನೆ. ಈ ಸಲ ನಿಮ್ಮ ಹೆಸರಲ್ಲಿ ಇಡೋಣ.”

ಅತ್ತೆ ಒಲೆಯ ಮುಂದಿನಿಂದ ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಆಮೇಲೆ ನನ್ ಸೈನ್ ಇಲ್ದೆ ಬಿಡ್ಸಕ್ಕಾಗಲ್ಲ. ಗೊತ್ತು ತಾನೆ?”

“ಗೊತ್ತು” ಎಂದೆ.

ಅವರು ಸೀರೆ ಉಡಲು ಒಳಗೆ ಹೋದರು. ನಾನು ಡಬ್ಬಿ ಮುಚ್ಚುವ ಮುನ್ನ ನನ್ನ ಫೋಟೊಗಳನ್ನೆಲ್ಲ ಪರ್ಸಿಗೆ ಹಾಕಿಕೊಂಡೆ.