ಕ್ಲಚ್ಚಿಲ್ಲದ ಗಾಡಿ

ಹೋದ ತಿಂಗಳು ಕಾರನ್ನು ಸರ್ವಿಸ್‌ಗೆ ಬಿಟ್ಟಿದ್ದೆ. ಮಂಡಿನೋವು ಶುರುವಾದ ಮೇಲೆ ಕ್ಲಚ್ ತುಳಿಯಲಾಗದೆ ತೆಗೆದುಕೊಂಡ ಆಟೋಮ್ಯಾಟಿಕ್ ಗೇರಿನ ಕಾರು ಅದು. ಮೆಕ್ಯಾನಿಕ್ ನನ್ನನ್ನು ಒಳಗೆ ಕರೆದು, ಗೇರ್‌ಬಾಕ್ಸಿನಿಂದ ಇಳಿಸಿದ ಎಣ್ಣೆಯ ತಟ್ಟೆಯನ್ನು ಮುಂದೆ ಹಿಡಿದ. "ನೋಡಿ ಸಾರ್, ಕೆಂಪಗಿರ್ಬೇಕಾದ್ದು ಹೆಂಗೆ ಕಪ್ಪಾಗಿದೆ. ವಾಸ್ನೆ ನೋಡಿ, ಸುಟ್ಟೋಗಿದೆ."

ಬಗ್ಗಿದವನು ಹಾಗೆಯೇ ಹಿಂದೆ ಸರಿದೆ. ನಲವತ್ತು ವರ್ಷಗಳ ಹಿಂದೆ ಗವಿಪುರದ ನಮ್ಮ ಬೀದಿಯಲ್ಲಿ ಒಂದು ಮಧ್ಯಾಹ್ನ ಇದೇ ವಾಸನೆ ಹರಡಿತ್ತು. ಅದಕ್ಕೆ ಕಾರಣ ನಾನು.

ಎದುರುಮನೆಯ ಮಾವ ನಮಗೆ ನೆಂಟರಲ್ಲ. ಬೀದಿಯವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದರು, ನಾನೂ ಕರೆಯುತ್ತಿದ್ದೆ. ಲಾರಿ ಡ್ರೈವರ್ ಆಗಿದ್ದವರು. ತುಮಕೂರು ರಸ್ತೆಯಲ್ಲಿ ಕೆಟ್ಟು ನಿಂತ ಲಾರಿಯ ಅಡಿ ಮಲಗಿದ್ದಾಗ ಜಾಕ್ ಜಾರಿ ಎಡಗಾಲು ಜಜ್ಜಿಹೋಯಿತು. ಆಸ್ಪತ್ರೆಯಲ್ಲಿ ಮಂಡಿಯ ಮೇಲಕ್ಕೇ ಕತ್ತರಿಸಿದರು. ಆಮೇಲೆ ಒಂದು ವರ್ಷ ಅವರು ಜಗಲಿ ಬಿಟ್ಟು ಏಳಲಿಲ್ಲ. ಅಡ್ಡರಸ್ತೆಯ ಏರಿನಲ್ಲಿ ಲಾರಿ ಹೋಗುವ ಸದ್ದು ಕೇಳಿದರೆ ಸಾಕು, "ಎರಡ್ನೇ ಗೇರಿಗೆ ಇಳಿಸ್ಬೇಕಿತ್ತು ಅವ್ನು, ಇಂಜಿನ್ ಸಾಯಿಸ್ತಾನೆ," ಎಂದು ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ಅತ್ತೆ, ಅಂದರೆ ಅವರ ಹೆಂಡತಿ, ಅದನ್ನು ಕೇಳಲಾರದೆ ಒಳಗೆ ಹೋಗಿಬಿಡುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ಅತ್ತೆಯ ತಮ್ಮ ಒಂದು ಹರಾಜಿನಿಂದ ಹಳೆಯ ಪಿಕಪ್ ಹಿಡಿದುಕೊಂಡು ಬಂದ. ವಿದೇಶಿ ಇಂಜಿನಿಯರುಗಳು ವಾಪಸ್ಸು ಹೋಗುವಾಗ ಬಿಟ್ಟುಹೋದದ್ದು. ಸ್ಟೀರಿಂಗ್ ಎಡಗಡೆ. ಕ್ಲಚ್ ಇಲ್ಲ, ಗೇರು ತಾನಾಗಿಯೇ ಬದಲಾಗುತ್ತದೆ. ರಿಪೇರಿ ಮಾಡುವವರು ಸಿಗುವುದಿಲ್ಲವೆಂದು ಹರಾಜಿನಲ್ಲಿ ಯಾರೂ ಅದನ್ನು ಕೂಗಿರಲಿಲ್ಲ. ಮಾವನಿಗೆ ಬೇಕಾದದ್ದು ಅದೊಂದೇ: ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲು ಸಾಕು.

ಮೊದಲ ದಿನ ಪಕ್ಕದಲ್ಲಿ ನನ್ನನ್ನು ಕೂರಿಸಿಕೊಂಡರು. ಗವಿಪುರ ಸುತ್ತಿ, ಹನುಮಂತನಗರದ ಏರು ಹತ್ತಿ, ಗಾಂಧಿಬಜಾರಿನವರೆಗೆ ಹೋಗಿ ಬಂದೆವು. ಮನೆ ಮುಂದೆ ನಿಲ್ಲಿಸಿದ ಮೇಲೆ ಸ್ಟೀರಿಂಗಿನ ಮೇಲೆ ಹಣೆ ಇಟ್ಟುಕೊಂಡು ತುಂಬ ಹೊತ್ತು ಕೂತಿದ್ದರು...

ಮದುವೆ ಛತ್ರಗಳಿಗೆ ಅಡುಗೆ ಪಾತ್ರೆ ಸಾಗಿಸುವ ಕೆಲಸ ಹಿಡಿದರು. ಬಳೇಪೇಟೆಯ ಅಂಗಡಿಯಿಂದ ಕೊಳಗ, ಹಂಡೆ, ದೊಡ್ಡ ಬಾಣಲೆಗಳನ್ನು ತುಂಬಿಕೊಂಡು ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದ ಛತ್ರಗಳಿಗೆ ಇಳಿಸಬೇಕು. ಮಾವ ಗಾಡಿ ಓಡಿಸುತ್ತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿಸುವುದು, ಇಳಿಸುವುದು ಅತ್ತೆಯ ಪಾಲು.

ಗಾಡಿಯ ಜೊತೆ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ಆಗ ನಾನು ಬಿ.ಎ. ಮುಗಿಸಿ ಕೆಲಸವಿಲ್ಲದೆ ಕೂತಿದ್ದೆ. ಸಂಜೆ ಜಗಲಿಯ ಮೇಲೆ ಅದನ್ನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಈ ಗೇರ್‌ಬಾಕ್ಸಿನಲ್ಲಿ ಎಣ್ಣೆ ಬರೀ ಜಾರಿಕೆಗಲ್ಲ, ಇಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವುದೂ ಅದೇ. ಕಾಲಕಾಲಕ್ಕೆ ಬದಲಾಯಿಸದಿದ್ದರೆ ಒಳಗಿನ ಪ್ಲೇಟುಗಳು ಸುಟ್ಟುಹೋಗುತ್ತವೆ ಎಂದು ಬರೆದಿತ್ತು. ಮಾವ ಅದನ್ನು ಎರಡು ಸಲ ಓದಿಸಿದರು. "ಅಂದ್ರೆ ರಕ್ತ ಇದ್ದಂಗೆ ಅನ್ನು," ಎಂದರು.

ಆಷಾಢದಲ್ಲಿ ಮದುವೆಗಳಿಲ್ಲ. ಆ ತಿಂಗಳ ಒಂದು ಭಾನುವಾರ ಎಣ್ಣೆ ಬದಲಾಯಿಸುವ ದಿನ. ಮಾವ ಜಾಕನ್ನು ಮುಟ್ಟುತ್ತಿರಲಿಲ್ಲ. ಎರಡು ಚಪ್ಪಡಿಕಲ್ಲುಗಳ ಮೇಲೆ ಮುಂದಿನ ಚಕ್ರ ಹತ್ತಿಸಿ, ಹಿಂದಿನದಕ್ಕೆ ಅಡ್ಡಗಲ್ಲು ಕೊಟ್ಟು, ಗೋಣಿತಟ್ಟು ಹಾಸಿ ಗಾಡಿಯಡಿ ತೆವಳುತ್ತಿದ್ದರು. ಅವರು ಹೊರಗೆ ಬರುವ ತನಕ ಅತ್ತೆ ಚಕ್ರಕ್ಕೆ ಬೆನ್ನುಕೊಟ್ಟು ಕೂತಿರುತ್ತಿದ್ದರು, ತಮ್ಮ ಬೆನ್ನು ಆ ಗಾಡಿಯನ್ನು ತಡೆಯುತ್ತದೆ ಎನ್ನುವ ಹಾಗೆ. ತಟ್ಟೆ ಬಿಚ್ಚಿ, ಎಣ್ಣೆ ಇಳಿಸಿ, ಒಳಗಿನ ಜಾಲರಿ ಫಿಲ್ಟರನ್ನು ತೆಗೆಯುವುದು. ಹೊಸದು ಈ ದೇಶದಲ್ಲೇ ಸಿಗುತ್ತಿರಲಿಲ್ಲ. ಅದನ್ನೇ ಸೀಮೆಎಣ್ಣೆಯಲ್ಲಿ ನಾಲ್ಕಾರು ಸಲ ತೊಳೆದು, ಬಿಸಿಲಿಗೆ ಹಿಡಿದು ಒಂದೊಂದು ಕಣ್ಣನ್ನೂ ನೋಡುತ್ತಿದ್ದರು. ಹೊಸ ಎಣ್ಣೆ ಹಾಕುವ ಮೊದಲು ಬೆರಳಿಗೆ ಹಚ್ಚಿ ಉಜ್ಜಿ, ಮೂಸಿ, ತಲೆಯಾಡಿಸುತ್ತಿದ್ದರು.

ನಾಲ್ಕು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ನನಗೆ ಒಂದು ಆಯಿಲ್ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. ಆ ಕೆಂಪು ಎಣ್ಣೆಗೆ ಬೇರೆ ಗಿರಾಕಿಗಳು ಕಡಿಮೆ. ಬುಲ್ಡೋಜರ್ ಇಟ್ಟವರು ಒಬ್ಬಿಬ್ಬರು. ಆ ವರ್ಷ ಸರಕು ಬರಲಿಲ್ಲ. ಒಂದು ದಿನ ಗೋಡೌನಿಗೆ ಹೋದಾಗ ಸಾಹುಕಾರರು ಅಗ್ಗದ ಬೇರೆ ಎಣ್ಣೆಗೆ ಕೆಂಪು ಬಣ್ಣ ಕಲಸಿ ಡಬ್ಬಗಳಿಗೆ ತುಂಬಿಸುತ್ತಿದ್ದರು. ನನ್ನನ್ನು ನೋಡಿದರು. "ಎಣ್ಣೆ ಅಂದ್ರೆ ಎಣ್ಣೆ ಕಣಯ್ಯ, ಯಾವನಿಗೆ ಗೊತ್ತಾಗತ್ತೆ," ಎಂದರು. ನಾನು ಬಂದ ಕೆಲಸ ಮುಗಿಸಿಕೊಂಡು ಹೊರಟೆ. ವರ್ಷಗಟ್ಟಲೆ ಅಲೆದು ಸಿಕ್ಕಿದ್ದ ಕೆಲಸ.

ಆಷಾಢದ ಭಾನುವಾರ ಆ ಡಬ್ಬಗಳನ್ನೇ ಮಾವನಿಗೆ ತಂದುಕೊಟ್ಟೆ. ಒಂದು ವರ್ಷದ ಮಟ್ಟಿಗೆ ಏನಾಗುತ್ತದೆ, ಮುಂದಿನ ಸಲ ಒಳ್ಳೆಯದು ಕೊಟ್ಟರಾಯಿತು ಎಂದುಕೊಂಡಿದ್ದೆ. ಉಜ್ಜಿ ನೋಡಿದರೆ ಅವರಿಗೇ ಗೊತ್ತಾಗುತ್ತದೆ ಎಂದೂ ಅಂದುಕೊಂಡಿದ್ದೆ... ಮಾವ ಡಬ್ಬದ ಮುಚ್ಚಳ ತೆಗೆದರು. ನಾನು ಅವರ ಬೆರಳನ್ನೇ ನೋಡುತ್ತಿದ್ದೆ.

"ನೋಡಲ್ವಾ ಮಾವ?" ಎಂದೆ.

"ನೀನು ತಂದಿರೋದು ಅಂದ್ಮೇಲೆ ನೋಡೋದೇನಿದೆ ಮರಿ," ಎಂದು ಆಲಿಕೆ ಇಟ್ಟು ಸುರಿದರು.

ಶ್ರಾವಣದಲ್ಲಿ ಮತ್ತೆ ಮದುವೆಗಳು ಶುರುವಾದವು. ಮೂರನೇ ವಾರ, ಪಾತ್ರೆ ತುಂಬಿದ ಗಾಡಿ ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ನಿಂತುಹೋಯಿತು. ಇಂಜಿನ್ ಕೂಗುತ್ತಿತ್ತು, ಚಕ್ರ ಕದಲಲಿಲ್ಲ. ಪಾತ್ರೆಗಳನ್ನು ಕೈಗಾಡಿಗಳಿಗೆ ಹಾಕಿ ಕಳಿಸಿದರು. ಪಿಕಪ್ಪನ್ನು ಹಗ್ಗ ಕಟ್ಟಿ ನಮ್ಮ ಬೀದಿಗೆ ಎಳೆದುತಂದರು. ಸುದ್ದಿ ಕೇಳಿ ನಾನು ಬರುವಷ್ಟರಲ್ಲಿ ಮಾವ ತಟ್ಟೆ ಬಿಚ್ಚಿದ್ದರು. ಎಣ್ಣೆ ಡಾಂಬರಿನ ಹಾಗಿತ್ತು. ಜಾಲರಿಯ ತುಂಬ ಸುಟ್ಟ ಪ್ಲೇಟಿನ ಚೂರುಗಳು. ಇಡೀ ಬೀದಿ ಆ ವಾಸನೆ.

ಮಾವ ಜಾಲರಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. "ನಾನೇ ಸರಿಯಾಗಿ ತೊಳೀಲಿಲ್ಲ ಅನ್ಸತ್ತೆ ಕಣೋ," ಎಂದರು. "ಎಲ್ಲೋ ಕಸ ಉಳ್ಕೊಂಡಿತ್ತು. ನನ್ನ ಕೈಯಾರೆ ನಾನೇ ಹಾಳು ಮಾಡ್ಕೊಂಡೆ."

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು, "ಬಿಡಿ ಮಾವ, ಸರಿ ಮಾಡ್ಸೋಣ."

ಸರಿಯಾಗಲಿಲ್ಲ. ಆ ಪ್ಲೇಟುಗಳು ಎಲ್ಲೂ ಸಿಗಲಿಲ್ಲ. ಬಂದ ಮೆಕ್ಯಾನಿಕ್‌ಗಳೆಲ್ಲ ಒಂದೇ ಮಾತು ಹೇಳಿದರು: ಇದನ್ನು ಕಿತ್ತುಹಾಕಿ ಮಾಮೂಲಿ ಗೇರ್‌ಬಾಕ್ಸ್ ಕೂರಿಸಿ. ನಾಲ್ಕು ತಿಂಗಳು ಗಾಡಿ ಬೀದಿಯಲ್ಲೇ ನಿಂತಿತ್ತು. ಕೊನೆಗೆ ಅತ್ತೆಯ ತಮ್ಮ ಹಾಗೇ ಮಾಡಿಸಿದ. ಕ್ಲಚ್ ಪೆಡಲ್ ಬಂತು. ಅವನೇ ಓಡಿಸತೊಡಗಿದ. ಮಾವ ಕೆಲವು ದಿನ ಪಕ್ಕದ ಸೀಟಿನಲ್ಲಿ ಕೂತು ಹೋದರು. ಒಂದು ಬೆಳಿಗ್ಗೆ ಅವನು ಹಾರ್ನ್ ಹೊಡೆದಾಗ, "ನೀನು ಹೋಗಪ್ಪಾ," ಎಂದು ಜಗಲಿಯ ಮೇಲೇ ಉಳಿದರು. ಆಮೇಲೆ ಲಾರಿಗಳ ಸದ್ದು ಕೇಳಿದರೂ ಗೊಣಗುತ್ತಿರಲಿಲ್ಲ. ನಾನು ಎದುರು ಹಾದುಹೋದರೆ ಮಾತ್ರ ಕೈ ಎತ್ತುತ್ತಿದ್ದರು. ನಾನು ಹಿಂದಿನ ಗಲ್ಲಿಯಿಂದ ಓಡಾಡುವುದನ್ನು ಕಲಿತೆ.

ಐದು ವರ್ಷ ಹಾಗೆ ಕೂತಿದ್ದು ತೀರಿಕೊಂಡರು. ನಾವು ಆಗಲೇ ಆ ಮನೆ ಬಿಟ್ಟು ಹೋಗಿದ್ದೆವು. ನಾನು ಹದಿಮೂರನೇ ದಿನಕ್ಕೆ ಹೋಗಿ ಊಟ ಮಾಡಿ ಬಂದೆ.

ಕಾರು ಸರ್ವಿಸ್‌ನಿಂದ ಬಂದ ಮೇಲೆ, ಮೊನ್ನೆ ಭಾನುವಾರ, ಅತ್ತೆಯನ್ನು ಹುಡುಕಿಕೊಂಡು ಹೋದೆ. ಕುಮಾರ ಪಾರ್ಕಿನಲ್ಲಿ ತಮ್ಮನ ಮಗಳ ಮನೆಯಲ್ಲಿದ್ದಾರೆ. ಎಂಬತ್ತು ದಾಟಿದೆ, ಕಿವಿ ಚೆನ್ನಾಗಿದೆ. ಗುರುತು ಹಿಡಿದು ಕೈ ಹಿಡಿದುಕೊಂಡರು. ಎಲ್ಲವನ್ನೂ ಹೇಳಿದೆ. ಗೋಡೌನು, ಬಣ್ಣ, ಡಬ್ಬ. ಅವರು ನನ್ನ ಕೈಯನ್ನು ಯಾವಾಗ ಬಿಟ್ಟರೋ ತಿಳಿಯಲಿಲ್ಲ.

"ಕೊನೇ ದಿನದವರೆಗೂ ಅದೇ ಹೇಳ್ತಿದ್ರು," ಎಂದರು. "ಇನ್ನೊಂದ್ಸಲ ತೊಳೀಬೇಕಿತ್ತು ಕಣೇ, ಇನ್ನೊಂದ್ಸಲ ತೊಳೀಬೇಕಿತ್ತು ಅಂತ. ನಾನೂ ಹೌದು ಅಂದ್ಕೊಂಡಿದ್ದೆ. ಒಂದಿನ ಸಿಟ್ಟಲ್ಲಿ ಬಾಯಿಬಿಟ್ಟು ಅಂದೂಬಿಟ್ಟಿದ್ದೆ, ನಿಮ್ಮಿಂದಾನೇ ಹಾಳಾಗಿದ್ದು ಅಂತ..."

ಅತ್ತೆ ನನ್ನ ಕಡೆ ತಿರುಗಿದರು.

"ಅವರಿದ್ದಾಗ ಹೇಳಿದ್ರೆ ಅವರಿಗಾದ್ರೂ ಸಮಾಧಾನ ಆಗ್ತಿತ್ತು. ಈಗ ನಂಗ್ಯಾಕೋ ಹೇಳ್ದೆ?"

ಅತ್ತೆ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು. ಅರ್ಧ ಗಂಟೆ ಕಾದೆ. ತಮ್ಮನ ಮಗಳು ಬಂದು, "ಮಲ್ಕೊಂಡಿದಾರೆ, ಗೋಡೆ ಕಡೆ ಮುಖ ಮಾಡ್ಕೊಂಡು. ಕರೆದ್ರೆ ಮಾತಾಡ್ತಿಲ್ಲ. ಏನಾಯ್ತು ಸಾರ್?" ಎಂದು ಕೇಳಿದಳು. ಏನೂ ಇಲ್ಲಮ್ಮ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡೆ.