ವಸ್ತಿ ಬಸ್ಸಿನ ಚಾಲಕರ ಸಕ್ಕರೆ

1999ರಲ್ಲಿ ನಾನು ಸವದತ್ತಿಯಲ್ಲಿ ಸಣ್ಣದೊಂದು ದವಾಖಾನೆ ನಡೆಸುತ್ತಿದ್ದೆ. ವೈದ್ಯೆಯಾಗಿ ಹನ್ನೊಂದು ವರ್ಷವಾಗಿತ್ತು. ರೋಗಿ ಬಾಯಿ ತೆರೆಯುವ ಮೊದಲೇ ಅವನ ಸುಳ್ಳು ನನಗೆ ಗೊತ್ತಾಗುತ್ತದೆ ಎಂಬ ಜಂಬ ಬೇರೆ. ಆ ಜಂಬ ಇಳಿಸಿದವರು ಬಸ್ ಚಾಲಕ ಮಕ್ತುಮಸಾಬರು.

ಅವರಿಗಾಗ ನಲವತ್ತಾರು. ಜೂನ್ ತಿಂಗಳಲ್ಲಿ, ನೀರು ಕುಡಿದಷ್ಟೂ ದಾಹ ಎನ್ನುತ್ತ ಬಂದರು. ಅವರ ಫಾಸ್ಟಿಂಗ್ ಬ್ಲಡ್ ಶುಗರ್ 168 ಇತ್ತು. ರಾತ್ರಿ ಉಂಡು, ಎಂಟು ತಾಸಾದರೂ ಏನೂ ತಿನ್ನದೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಟ್ಟ ರಕ್ತದ ಲೆಕ್ಕವಿದು. 126 ಅಥವಾ ಅದಕ್ಕಿಂತ ಹೆಚ್ಚು ಎರಡು ಸಲ ಬಂದರೆ ಸಕ್ಕರೆ ಕಾಯಿಲೆ ಎಂದು ಹಿಡಿಯುತ್ತೇವೆ. ಇವರಿಗೆ ಎರಡೂ ಸಲ ಬಂದಿತ್ತು. ಸೆಪ್ಟೆಂಬರ್‌ನಲ್ಲಿ ಚಾಲಕರ ವೈದ್ಯಕೀಯ ತಪಾಸಣೆ ಇತ್ತು. ಅದರಲ್ಲಿ ನಪಾಸಾದರೆ ಸ್ಟೇರಿಂಗ್ ಬಿಡಿಸಿ ಡಿಪೋದೊಳಗಿನ ಕೆಲಸಕ್ಕೆ ಹಾಕುತ್ತಾರೆಂಬ ಭಯ ಅವರದು.

"ಟಾಯರ್ ಕಾಯಕೋತ ಕುಂಡ್ರೂದು ನನ್ನ ಕೈಲೆ ಆಗೂದಿಲ್ರಿ ಬಾಯಾರ," ಎಂದರು.

ಗುಳಿಗೆಗೆ ಮೊದಲು ಊಟ ಮತ್ತು ನಡಿಗೆಯಿಂದಲೇ ಪ್ರಯತ್ನಿಸೋಣ ಎಂದೆ. ಹೊತ್ತಿಗೆ ಎರಡು ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ಸೊಪ್ಪು-ತಪ್ಪಲು. ಸಿಹಿ ಬಂದ್. ದಿನಕ್ಕೆ ಮುಕ್ಕಾಲು ತಾಸು ಬಿರುಸಿನ ನಡಿಗೆ. ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಟ್ಟೆ.

ತಿಂಗಳ ನಂತರ ಬಂದ ಅಂಕಿ 171. ನನಗೆ ಸಿಟ್ಟು ನೆತ್ತಿಗೇರಿತು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ದೊಡ್ಡದೊಂದು ಭಾಷಣ ಬಿಗಿದೆ. ಜೊತೆಗೆ ಬಂದಿದ್ದ ಅವರ ಹೆಂಡತಿ ಜೈನಬಿ, "ಚಾದಾಗ ಸುದ್ದಾ ಸಕ್ರಿ ಹಾಕೂದ ಬಿಟ್ಟೇನ್ರಿ. ಮನ್ಯಾಗ ಉಂಡ್ರ ನನಗ ಗೊತ್ತಾಗಲಾರದೇನ್ರಿ?" ಎಂದಳು.

ಮನೆಯಲ್ಲಿ ಉಂಡರೆ, ಸರಿ. ರಕ್ತ ಕೊಡಲು ಮಕ್ತುಮ ಸಾಹೇಬರು ಎರಡೂ ತಿಂಗಳು ಖಾಕಿ ಅಂಗಿಯಲ್ಲೇ, ಬಸ್ ನಿಲ್ಲಿಸಿ ನೇರವಾಗಿ ಬಂದಿದ್ದರು. ಹಿಂದಿನ ರಾತ್ರಿ ಎಲ್ಲಿ ಉಂಡಿರಿ ಎಂದು ಕೇಳಿದೆ. ಕಟಕೋಳದ ಆಚೆಯ ಒಂದು ಹಳ್ಳಿಗೆ ಅವರದು ವಸ್ತಿ ಬಸ್ಸು. ಸಂಜೆ ಹೋಗಿ, ರಾತ್ರಿ ಅಲ್ಲೇ ತಂಗಿ, ಬೆಳಿಗ್ಗೆ ಮರಳುವುದು. ವಾರದಲ್ಲಿ ಐದು ರಾತ್ರಿ.

"ಊರವ್ರು ಪಾಳಿ ಹಚ್ಚಿ ಉಣಸ್ತಾರ್ರಿ. ಅದನ್ನ ನಾ ಊಟದಾಗ ಹಿಡದಿರಲಿಲ್ಲ. ಅದು ಅವರ ಪ್ರೀತಿ. ಬ್ಯಾಡ ಅಂದ್ರ ಮನಸಿಗೆ ಹಚಕೋತಾರ."

ಮರುದಿನ ಸಂಜೆ ನಾನೂ ಆ ಬಸ್ ಹತ್ತಿದೆ. ಅಂದು ಗಂಗವ್ವನ ಮನೆಯ ಪಾಳಿ. ಅರವತ್ತು ದಾಟಿದ ಗಟ್ಟಿ ಹೆಂಗಸು. ಎರಡು ರೊಟ್ಟಿ ಮುಗಿಯುತ್ತಲೇ ದೊಡ್ಡ ಬಟ್ಟಲಿನ ತುಂಬ ಗೋಧಿ ಹುಗ್ಗಿ, ಮೇಲೆ ತುಪ್ಪ ತಂದಿಟ್ಟಳು. ಇವತ್ತು ಹುಗ್ಗಿ, ನಾಳೆ ಮತ್ತೊಬ್ಬರ ಮನೆಯ ಹೋಳಿಗೆ, ನಾಡಿದ್ದು ಶಾವಿಗೆ ಪಾಯಸ. ಉಂಡು ಹೊರಗೆ ಕಾಲಿಡುವಂತಿಲ್ಲ. ಕಂಬಳಿ ಹಾಸಿ ಸಿದ್ಧವಾಗಿತ್ತು.

ನಾನು ಬಟ್ಟಲು ತಡೆದೆ. ಗಂಗವ್ವನ ಮುಖ ಕಪ್ಪಿಟ್ಟಿತು. "ಈ ಬಸ್ ಬರೂಕಿಂತ ಮೊದಲ ನಾವು ಕಟಕೋಳದಿಂದ ನಡಕೋತ ಬರತಿದ್ವಿ. ಈಗ ಬಸ್ ತಂದವ್ರಿಗೆ ಬರೇ ರೊಟ್ಟಿ ಹಾಕಿದ್ರ ಊರಿನ ಮರ್ಯಾದಿ ಏನಾತ್ರಿ?"

"ಅವ್ವಾ, ಇವ್ರ ಸಕ್ರಿ ಇಳೀಲಿಲ್ಲಂದ್ರ ಸೆಪ್ಟೆಂಬರದಾಗ ಇವ್ರ ಕೈಯಾಗ ಸ್ಟೇರಿಂಗ್ ಉಳಿಯೂದಿಲ್ಲ," ಎಂದೆ.

ಆಕೆ ಸಾಹೇಬರನ್ನು ನೋಡಿದಳು. ಅವರು ತಲೆ ತಗ್ಗಿಸಿದರು. ಗಂಗವ್ವ ಬಟ್ಟಲನ್ನು ಎತ್ತಿ, ಪಕ್ಕದಲ್ಲಿ ಉಣ್ಣುತ್ತಿದ್ದ ಕಂಡಕ್ಟರ್ ಮುಂದಿಟ್ಟಳು. ಆ ಪುಣ್ಯಾತ್ಮನ ಮುಂದೆ ಅದಾಗಲೇ ಒಂದು ಬಟ್ಟಲಿತ್ತು.

ಮುಂದೆ ನನಗೆ ಹೆಚ್ಚು ಕೆಲಸವೇ ಉಳಿಯಲಿಲ್ಲ. ಪಾಳಿಯ ಮನೆಗಳಿಗೆಲ್ಲ ಗಂಗವ್ವನೇ ಹೋಗಿ ತಾಕೀತು ಮಾಡಿದಳಂತೆ. ಎಂಟರೊಳಗೆ ಊಟ, ರೊಟ್ಟಿ ಎರಡೇ, ಮಡಿಕೆ ಕಾಳು, ಮೆಂತೆ ತಪ್ಪಲು, ಮಜ್ಜಿಗೆ. ಉಂಡ ಮೇಲೆ ಸಾಹೇಬರು ಕೆರೆಯ ತನಕ ನಡೆಯಬೇಕು. ಒಬ್ಬರೇ ಹೋಗುವುದು ಚೆನ್ನಾಗಿರುವುದಿಲ್ಲವೆಂದು ಮೊದಲು ಇಬ್ಬರು ಜೊತೆಯಾದರು, ವಾರದೊಳಗೆ ಹತ್ತು ಹನ್ನೆರಡು ಜನ. ಊರ ಪಂಚಾಯ್ತಿಯೆಲ್ಲ ಆ ದಾರಿಯಲ್ಲೇ ಮುಗಿಯತೊಡಗಿತು. ಇದನ್ನು ಹೇಳುವಾಗ ಸಾಹೇಬರಿಗೆ ನಗು ತಡೆಯಲಾಗುತ್ತಿರಲಿಲ್ಲ.

ಆಗಸ್ಟ್‌ನಲ್ಲಿ 139 ಬಂತು. ಸೆಪ್ಟೆಂಬರ್ ಮೊದಲ ವಾರ ರಕ್ತ ಕೊಡಲು ಬಂದಾಗ ಹಿಂದೆ ಗಂಗವ್ವನೂ ಬಸ್ಸಿಳಿದು ಬಂದಿದ್ದಳು, ಕೈಯಲ್ಲೊಂದು ಗಂಟು. ವರದಿ ಕೈಗೆ ಬರುವವರೆಗೆ ಬೆಂಚು ಬಿಟ್ಟು ಏಳಲಿಲ್ಲ.

"112," ಎಂದೆ.

"ಅಂದ್ರ ಬಸ್ ಬರತೈತೇನ್ರಿ?"

"ಬರತೈತಿ. ಇವ್ರೇ ತರತಾರ."

ಆಕೆ ಗಂಟು ಬಿಚ್ಚಿದಳು. ನನಗೆ, ಕಾಂಪೌಂಡರ್‌ಗೆ, ಕಾಯುತ್ತಿದ್ದ ಇನ್ನಿಬ್ಬರಿಗೆ ಹೋಳಿಗೆ ಹಂಚಿದಳು. ಮಕ್ತುಮಸಾಬರ ಕೈಗೆ ಮಾತ್ರ ಎರಡು ಎಳೆ ಸೌತೆಕಾಯಿ ಇಟ್ಟಳು. ನಗುತ್ತ ನಗುತ್ತಲೇ ಅವರ ಕಣ್ಣು ಒದ್ದೆಯಾಯಿತು.

ಅವರು ತಪಾಸಣೆಯಲ್ಲಿ ಪಾಸಾದರು. ನನಗೆ ವೃತ್ತಿ ಕಲಿಸಿದ ಪಾಠ ಸಣ್ಣದು: ಅಂದಿನಿಂದ ಯಾವ ರೋಗಿಯನ್ನೂ ಏನು ಉಣ್ಣುತ್ತೀರಿ ಎಂದು ಮೊದಲು ಕೇಳುವುದಿಲ್ಲ. ನಿಮಗೆ ಯಾರು ಬಡಿಸುತ್ತಾರೆ ಎಂದು ಕೇಳುತ್ತೇನೆ, ಅವರನ್ನು ಕರೆದು ಕೂರಿಸಿಕೊಂಡೇ ಚೀಟಿ ಬರೆಯುತ್ತೇನೆ.